ಸೊಂಟದಲ್ಲಿ ಸಡಿಲವಾದ ಪ್ಯಾಂಟು, ಕುರ್ತಾ, ಬ್ಲೌಸು: ಮನೆಯಲ್ಲೇ ಸರಿ ಮಾಡುವ ಕ್ರಮ

ಪ್ಯಾಂಟು ಸಡಿಲವಾದರೆ ಬೆಲ್ಟಿಗೆ ಇನ್ನೊಂದು ತೂತು ಹೊಡೆದು ಸುಮ್ಮನಾಗುವವರೇ ಹೆಚ್ಚು. ಆದರೆ ಬೆಲ್ಟು ಸಡಿಲ ಬಟ್ಟೆಯನ್ನು ಮುದುರಿಸಿ ಕಟ್ಟುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಹಿಂದೆ ಸೀಟಿನ ಬಟ್ಟೆ ಜೋತುಬಿದ್ದೇ ಇರುತ್ತದೆ, ಮುಂದೆ ಜಿಪ್ಪಿನ ಪಕ್ಕ ಮಡಿಕೆ ಏಳುತ್ತದೆ. ಮನೆಯಲ್ಲಿ ಒಂದು ಸಾದಾ ಹೊಲಿಗೆ ಮಷಿನ್ ಇದ್ದು, ಒಂದೂವರೆ ಎರಡು ಗಂಟೆ ಬಿಡುವು ಸಿಕ್ಕರೆ 2 ಇಂಚಿನವರೆಗಿನ ಸಡಿಲವನ್ನು ನೀವೇ ಅಚ್ಚುಕಟ್ಟಾಗಿ ಸರಿ ಮಾಡಬಹುದು. ಕಷ್ಟವಿರುವುದು ಹೊಲಿಯುವುದರಲ್ಲಿ ಅಲ್ಲ. ಎಲ್ಲಿಂದ ತೆಗೆಯಬೇಕು, ಎಷ್ಟು ತೆಗೆಯಬೇಕು ಎಂದು ತೀರ್ಮಾನಿಸುವುದರಲ್ಲಿ.

ಮೊದಲು ಅಳತೆ

ಬಟ್ಟೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಅಳತೆಗೆ ಕೂರಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಗೆಯದೆ ಹೊಲಿದರೆ ವಾರದೊಳಗೆ ಬಿಗಿ. ಇನ್ನು ಜೀನ್ಸಿನದು ಉಲ್ಟಾ. ಒಗೆದ ದಿನ ಬಿಗಿಯಾಗಿದ್ದು, ಹಾಕಿ ಓಡಾಡಿದ ಮೇಲೆ ಹಿಗ್ಗುತ್ತದೆ. ಆದ್ದರಿಂದ ಜೀನ್ಸನ್ನು ಮಾತ್ರ ಅರ್ಧ ದಿನ ಹಾಕಿಕೊಂಡು ಆಮೇಲೆ ಅಳೆಯಿರಿ. ಯಾವುದೇ ಬಟ್ಟೆಯಿರಲಿ, ಖಾಲಿ ಹೊಟ್ಟೆಯಲ್ಲಿ ಅಳತೆ ಬೇಡ. ಊಟವಾದ ಮೇಲಿನ ಅಳತೆಯೇ ದಿನವಿಡೀ ನಿಲ್ಲುವ ಅಳತೆ.

ಪ್ಯಾಂಟನ್ನು ದಿನಾ ಹಾಕುವ ಹಾಗೆಯೇ ಶರ್ಟು ಒಳಗೆ ಸೇರಿಸಿ, ಬೆಲ್ಟಿಲ್ಲದೆ ಹಾಕಿಕೊಳ್ಳಿ. ಹಿಂದುಗಡೆ ನಟ್ಟನಡುವೆ ಸಡಿಲ ಬಟ್ಟೆಯನ್ನು ಚಿವುಟಿ ಹಿಡಿದು ಸೇಫ್ಟಿ ಪಿನ್ ಹಾಕಿ, ಅಥವಾ ಮನೆಯಲ್ಲಿ ಇನ್ನೊಬ್ಬರಿಂದ ಹಾಕಿಸಿ. ಪಿನ್ ಹಾಕಿದ ಮೇಲೂ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಸರಾಗವಾಗಿ ಹೋಗಬೇಕು. ಹಾಗೆಯೇ ಕುರ್ಚಿಯಲ್ಲಿ ಕೂತು ನೋಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೂ ನೋಡಿ. ನಿಂತಾಗ ಹಿತವಾಗಿದ್ದು ಕೂತಾಗ ಹೊಟ್ಟೆ ಒತ್ತಿದರೆ ಅರ್ಧ ಇಂಚು ಸಡಿಲ ಬಿಡಿ.

ಲೆಕ್ಕ ತಪ್ಪುವುದು ಇದಾದ ಮೇಲೆ. 36ರ ಪ್ಯಾಂಟು 34 ಆಗಬೇಕು ಎಂದರೆ ತೆಗೆಯಬೇಕಾದದ್ದು ಒಟ್ಟು 2 ಇಂಚು. ಹೊಲಿಗೆಯ ಹತ್ತಿರ ಬಟ್ಟೆ ಎರಡು ಪದರವಾಗಿ ಕೂತಿರುತ್ತದೆ. ಹಿಂದಿನ ಒಂದೇ ಹೊಲಿಗೆಯಿಂದ 2 ಇಂಚು ತೆಗೆಯುವುದಾದರೆ ಹೊಸ ಗೆರೆ ಹಳೆಯ ಹೊಲಿಗೆಯಿಂದ 1 ಇಂಚು ಒಳಗೆ ಬರಬೇಕು, 2 ಇಂಚಲ್ಲ. ಕುರ್ತಾದ ಎರಡೂ ಪಕ್ಕದಿಂದ ಒಟ್ಟು 2 ಇಂಚು ತೆಗೆಯುವುದಾದರೆ ಒಂದೊಂದು ಪಕ್ಕಕ್ಕೆ ಅರ್ಧ ಇಂಚು. ಇದನ್ನು ಮರೆತು ಎರಡರಷ್ಟು ಹಿಡಿದು ಹೊಲಿದ ಬಟ್ಟೆ ಮೈಗೇ ಹತ್ತುವುದಿಲ್ಲ. ಚಾಕ್ ಹಿಡಿಯುವ ಮುಂಚೆ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಮಷಿನ್ ಪಕ್ಕ ಇಟ್ಟುಕೊಳ್ಳಿ.

ಸಾಮಾನು ಹೆಚ್ಚೇನೂ ಬೇಡ. ಟೇಪು, ಟೈಲರ್ ಚಾಕ್, ಗುಂಡುಪಿನ್ನು, ಕೈಸೂಜಿ, ಬಟ್ಟೆಗಿಂತ ಬೇರೆ ಬಣ್ಣದ ದಾರ (ಕಚ್ಚಾ ಹೊಲಿಗೆಗೆ, ಅಂದರೆ ತೊಟ್ಟು ನೋಡಲು ಕೈಯಲ್ಲಿ ಹಾಕುವ ತಾತ್ಕಾಲಿಕ ಹೊಲಿಗೆಗೆ), ಬಟ್ಟೆಯದೇ ಬಣ್ಣದ ಪಾಲಿಯೆಸ್ಟರ್ ದಾರ. ಹೊಲಿಗೆ ಬಿಚ್ಚಲು ಬ್ಲೇಡಿಗಿಂತ ಕವಲಿರುವ ಹೊಲಿಗೆ ಬಿಚ್ಚುಗವೇ ವಾಸಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಬ್ಲೇಡು ಒಮ್ಮೆ ಜಾರಿದರೆ ಬಟ್ಟೆಯೇ ಸೀಳುತ್ತದೆ. ಮಷಿನ್ ಸೂಜಿ ಬ್ಲೌಸಿಗೂ ತೆಳು ರೇಷ್ಮೆಗೂ 11 ನಂಬರ್, ಪ್ಯಾಂಟು ಬಟ್ಟೆಗೆ 14, ಜೀನ್ಸಿಗೆ 16. ಹೊಲಿಗೆ ಇಂಚಿಗೆ 10ರಿಂದ 12 ಬೀಳುವ ಹಾಗೆ ಇಟ್ಟುಕೊಳ್ಳಿ.

ಫಾರ್ಮಲ್ ಪ್ಯಾಂಟು

ಪ್ಯಾಂಟನ್ನು ಒಳಮುಖ ಮಾಡಿ ಸೊಂಟದ ಪಟ್ಟಿಯ ಹಿಂಭಾಗ ನೋಡಿ. ಪಟ್ಟಿಯ ನಡುವೆ ಒಂದು ಜೋಡಣೆ ಇದ್ದು, ಅದೇ ಹೊಲಿಗೆ ಕೆಳಗೆ ಸೀಟಿನ ಮೂಲಕ ಇಳಿದಿದ್ದರೆ ಕೆಲಸ ಹಗುರ. ದರ್ಜಿ ಹೊಲಿದ ಪ್ಯಾಂಟುಗಳೆಲ್ಲ ಸಾಮಾನ್ಯವಾಗಿ ಹೀಗೇ ಇರುತ್ತವೆ. ಅಲ್ಲಿ ಮಾರ್ಜಿನ್ನನ್ನೂ (ಹೊಲಿಗೆಯಾಚೆ ಒಳಗೆ ಉಳಿಸುವ ಹೆಚ್ಚಿನ ಬಟ್ಟೆ) ಧಾರಾಳವಾಗಿ ಬಿಟ್ಟಿರುತ್ತಾರೆ, ಮೇಲ್ತುದಿಯಲ್ಲಿ ಒಂದು ಒಂದೂವರೆ ಇಂಚು, ಕೆಳಗೆ ಹೋದಂತೆ ಅರ್ಧ ಇಂಚು. ಪಟ್ಟಿ ಹಿಂದೆ ಜೋಡಣೆಯಿಲ್ಲದೆ ಒಂದೇ ತುಂಡಾಗಿದ್ದರೆ ಮುಂದೆ ಜೀನ್ಸಿಗೆ ಹೇಳಿದ ದಾರಿ ಹಿಡಿಯಬೇಕು.

ಹಿಂದಿನಿಂದ ತೆಗೆಯುವುದಕ್ಕೂ ಒಂದು ಮಿತಿ ಇದೆ. ಹಿಂದಿನ ಎರಡು ಜೇಬುಗಳ ನಡುವೆ 5 ಇಂಚು ಜಾಗವಿದ್ದರೆ, 2 ಇಂಚು ತೆಗೆದ ಮೇಲೆ ಅದು 3 ಇಂಚಿನ ಹತ್ತಿರಕ್ಕೆ ಬರುತ್ತದೆ. ಅದಕ್ಕಿಂತ ಹೆಚ್ಚು ತೆಗೆದರೆ ಜೇಬುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಪಕ್ಕದ ಹೊಲಿಗೆ ಹಿಂದಕ್ಕೆ ಎಳೆದುಕೊಂಡು ಪಕ್ಕದ ಜೇಬು ಬಾಯಿ ಬಿಡುತ್ತದೆ, ಕಾಲಿನ ಇಸ್ತ್ರಿ ಗೆರೆ ಸೊಟ್ಟಗಾಗುತ್ತದೆ. 3 ಇಂಚು, 4 ಇಂಚು ಸಡಿಲವಿದ್ದರೆ ಪಕ್ಕದ ಹೊಲಿಗೆ, ಜೇಬು, ಪಟ್ಟಿ ಎಲ್ಲ ಬಿಚ್ಚಿ ಮತ್ತೆ ಕೂರಿಸಬೇಕು. ಆ ಕೆಲಸ ದರ್ಜಿಗೇ ಬಿಡಿ.

1. ನಡುವಿನ ಬೆಲ್ಟ್ ಲೂಪನ್ನು ಬಿಚ್ಚಿ ತೆಗೆದಿಡಿ. ಲೂಪಿನ ಎರಡು ತುದಿಯಲ್ಲೂ ಒತ್ತಾದ ಗಟ್ಟಿ ಹೊಲಿಗೆ ಇರುತ್ತದೆ. ಅದನ್ನು ಮೇಲಿನಿಂದ ಕೀಳಬೇಡಿ. ಒಳಗಿನಿಂದ ಒಂದೊಂದೇ ದಾರ ಕತ್ತರಿಸಿದರೆ ಬಟ್ಟೆಗೆ ತೂತು ಬೀಳುವುದಿಲ್ಲ.

2. ಪಟ್ಟಿಯ ಒಳಲೈನಿಂಗನ್ನು ನಡುವಿನಿಂದ ಎಡಕ್ಕೆ 2 ಇಂಚು, ಬಲಕ್ಕೆ 2 ಇಂಚು ಬಿಚ್ಚಿ ಮೇಲಕ್ಕೆ ಎತ್ತಿ. ಈಗ ಪಟ್ಟಿ, ಲೈನಿಂಗು, ಸೀಟು ಮೂರೂ ಒಂದೇ ನೇರದಲ್ಲಿ ಉದ್ದಕ್ಕೆ ತೆರೆದುಕೊಳ್ಳುತ್ತವೆ. ಸೀಟಿನ ಹಳೆಯ ಹೊಲಿಗೆಯನ್ನು ಇನ್ನೂ ಮುಟ್ಟಬೇಡಿ. ಅದು ಎರಡು ಪದರವನ್ನೂ ಅಲುಗದಂತೆ ಹಿಡಿದಿಡುತ್ತದೆ, ಅದರ ಆಸರೆಯಲ್ಲೇ ಹೊಸ ಗೆರೆ ಎಳೆಯಬೇಕು.

3. ಚಾಕ್ ಗೆರೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಪಟ್ಟಿಯ ಮೇಲಂಚಿನಲ್ಲಿ ಹಳೆಯ ಹೊಲಿಗೆಯಿಂದ ಬೇಕಾದಷ್ಟು, 2 ಇಂಚು ತೆಗೆಯುವುದಾದರೆ 1 ಇಂಚು, ಒಳಗೆ ಒಂದು ಗುರುತು ಹಾಕಿ. ಅಲ್ಲಿಂದ ಕೆಳಗೆ ಇಳಿಜಾರಾಗಿ ಬಂದು ಹಳೆಯ ಹೊಲಿಗೆಯಲ್ಲಿ ಸೇರಬೇಕು. ಸೊಂಟ ಮಾತ್ರ ಸಡಿಲವಿದ್ದು ಸೀಟು ಸರಿಯಾಗಿದ್ದರೆ 6–7 ಇಂಚಿನೊಳಗೆ ಸೇರಿಸಿ. ಸೀಟೂ ಜೋತುಬಿದ್ದಿದ್ದರೆ ಇನ್ನೂ ಕೆಳಗೆ ಹೋಗಿ, ಆದರೆ ಹೊಲಿಗೆ ಕಾಲುಗಳ ನಡುವೆ ಬಾಗಲು ಶುರುವಾಗುವ ಜಾಗಕ್ಕಿಂತ ಮುಂಚೆ ಸೇರಿಬಿಡಿ. ಆ ಬಾಗಿದ ಭಾಗದಲ್ಲಿ ಕಾಲು ಇಂಚು ಒಳಗೆ ಹಿಡಿದರೂ ಕೂತಾಗ ಕತ್ತರಿಸಿದಂತೆ ಒತ್ತುತ್ತದೆ, ಬಗ್ಗಿದ ಒಂದು ದಿನ ಹೊಲಿಗೆ ಬಿಟ್ಟೇಬಿಡುತ್ತದೆ. ಇಳಿಜಾರು ಗಿಡ್ಡವಾದರೆ ಅದು ಬೇರೆಯೇ ತಪ್ಪು: 1 ಇಂಚಿನಿಂದ ಸೊನ್ನೆಗೆ 3 ಇಂಚಿನೊಳಗೆ ಇಳಿಸಿದರೆ ಸೇರಿದ ಕಡೆ ಬಟ್ಟೆ ಮೊನೆಯಾಗಿ ಉಬ್ಬುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ.

ಗೆರೆ ಪಟ್ಟಿಯ ಮೇಲಂಚನ್ನು ದಾಟಿ ಲೈನಿಂಗಿಗೆ ಹೋದ ಮೇಲೆ ನೇರವಾಗಿ ಮುಂದುವರಿಸಬೇಡಿ. ಸ್ವಲ್ಪ ಮಾರ್ಜಿನ್ ಕಡೆಗೆ ಬಾಗಿಸಿ. ಲೈನಿಂಗು ಆಮೇಲೆ ಒಳಕ್ಕೆ ಮಡಚಿ ಕೆಳಗೆ ಬರುತ್ತದೆ. ಕೆಳಗೆ ಪ್ಯಾಂಟಿನ ಬಟ್ಟೆ ಅಗಲ ಹೆಚ್ಚು, ಆದ್ದರಿಂದ ಲೈನಿಂಗಿಗೂ ಅಷ್ಟೇ ಅಗಲ ಬೇಕು. ಇದನ್ನು ಮಾಡದಿದ್ದರೆ ಒಳಗಿನ ಲೈನಿಂಗು ಬಿಗಿದು ಹೊರಗಿನ ಪಟ್ಟಿ ನೆರಿಗೆ ಬೀಳುತ್ತದೆ.

4. ಗೆರೆಯ ಮೇಲೆ ಬೇರೆ ಬಣ್ಣದ ದಾರದಲ್ಲಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ತೊಟ್ಟು ನೋಡಿ. ಕೂರಿ, ಏಳಿ, ಮೆಟ್ಟಿಲು ಹತ್ತಿ. ಈ ಹತ್ತು ನಿಮಿಷವನ್ನು ಉಳಿಸಲು ಹೋದವರು ಆಮೇಲೆ ಒಂದು ಗಂಟೆ ಹೊಲಿಗೆ ಬಿಚ್ಚುತ್ತ ಕೂರಬೇಕಾಗುತ್ತದೆ.

5. ಮಷಿನ್ ಹೊಲಿಗೆ ಕೆಳಗಿನಿಂದ ಶುರುವಾಗಲಿ. ಹಳೆಯ ಹೊಲಿಗೆಯ ಮೇಲೆಯೇ 1 ಇಂಚು ನಡೆಸಿ, ಹೊಸ ಗೆರೆಗೆ ಮೆಲ್ಲಗೆ ಹೊರಳಿಸಿ, ಮೇಲಿನ ತುದಿವರೆಗೆ ಹೋಗಿ. ಪಟ್ಟಿಯೂ ಸೀಟೂ ಕೂಡುವ ಅಡ್ಡಹೊಲಿಗೆ ಎಡಬಲ ಒಂದೇ ಮಟ್ಟಕ್ಕೆ ಬರಬೇಕು. ಅಲ್ಲೊಂದು ಪಿನ್ನು ಹಾಕಿಕೊಂಡು, ಮಷಿನ್ನಿನ ಪಾದ ಹತ್ತಿರ ಬಂದಾಗ ತೆಗೆಯಿರಿ. ಅದೇ ಗೆರೆಯ ಮೇಲೆ ಇನ್ನೊಂದು ಸಲ ಹೊಲಿಯಿರಿ. ಇಡೀ ಪ್ಯಾಂಟಿನಲ್ಲಿ ಹೆಚ್ಚು ಎಳೆತ ಬೀಳುವ ಹೊಲಿಗೆ ಇದು, ಒಂದು ಸಾಲು ಸಾಲದು.

6. ಈಗ ಹಳೆಯ ಹೊಲಿಗೆ ಬಿಚ್ಚಿ. ಬಿಚ್ಚದಿದ್ದರೆ ಮಾರ್ಜಿನ್ ಎರಡು ಕಡೆಗೆ ತೆರೆದುಕೊಳ್ಳದೆ ಹಿಂದೆ ದಪ್ಪ ಏಣು ನಿಲ್ಲುತ್ತದೆ. ಬಿಚ್ಚಿ, ಒದ್ದೆ ಬಟ್ಟೆ ಹಾಸಿ, ಮಾರ್ಜಿನ್ನನ್ನು ಎಡಬಲ ಹರಡಿ ಇಸ್ತ್ರಿ ಒತ್ತಿ. ಮಾರ್ಜಿನ್ ಒಂದೊಂದು ಕಡೆ ಒಂದೂವರೆ ಇಂಚಿನೊಳಗಿದ್ದರೆ ಕತ್ತರಿ ಹಾಕಬೇಡಿ. ಸೊಂಟ ಇಳಿದಂತೆ ಏರುವುದೂ ಉಂಟು. ಒಳಗೆ ಬಟ್ಟೆ ಇದ್ದರೆ ಅದೇ ಪ್ಯಾಂಟನ್ನು ಮತ್ತೆ ಬಿಡಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಹೆಚ್ಚಿನದನ್ನು ಕತ್ತರಿಸಿ, ಅಂಚಿನ ನೂಲು ಬಿಡದಂತೆ ಓವರ್‌ಲಾಕ್ ಹೊಲಿಗೆ ಹಾಕಿಸಿ. ಮಷಿನ್ನಿನಲ್ಲಿ ಅಂಕುಡೊಂಕು ಹೊಲಿಗೆ ಬರುವುದಾದರೆ ಅದೂ ಸಾಕು.

7. ಲೈನಿಂಗನ್ನು ಒಳಕ್ಕೆ ಮಡಚಿ ಕೈಯಲ್ಲಿ ಹೆಮ್ಮಿಂಗ್ ಮಾಡಿ, ಲೂಪನ್ನು ಹೊಸ ಜೋಡಣೆಯ ಮೇಲೆ ಕೂರಿಸಿ, ಎರಡು ತುದಿಗೂ ನಾಲ್ಕೈದು ಸಲ ಹಿಂದೆಮುಂದೆ ಹೊಲಿಗೆ ಓಡಿಸಿ.

ಮಷಿನ್ ಇಲ್ಲದವರು ಸೀಟಿನ ಹೊಲಿಗೆಯನ್ನು ಕೈಯಲ್ಲೂ ಹಾಕಬಹುದು. ದಾರ ಎರಡೆಳೆ ಮಾಡಿ, ಸೂಜಿಯನ್ನು ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುವ ಹೊಲಿಗೆ ಹಾಕಿ. ಸಾದಾ ಓಟದ ಹೊಲಿಗೆ ಇಲ್ಲಿ ನಿಲ್ಲುವುದಿಲ್ಲ.

ಜೀನ್ಸ್

ಜೀನ್ಸಿನ ಪಟ್ಟಿ ಒಂದೇ ಉದ್ದನೆಯ ತುಂಡು. ಹಿಂದಿನ ಹೊಲಿಗೆಯಲ್ಲಿ ಎರಡು ಅಂಚನ್ನೂ ಒಂದರೊಳಗೊಂದು ಮಡಚಿ ಹೊರಗಿನಿಂದ ಎರಡು ಸಾಲು ಹೊಲಿದಿರುತ್ತಾರೆ. ನಡುವಿನ ಲೂಪು, ಅಡ್ಡ ಬಂದರೆ ಚರ್ಮದ ಪಟ್ಟಿಯನ್ನೂ ತೆಗೆಯಿರಿ. ಸೊಂಟದ ಪಟ್ಟಿಯನ್ನು ನಡುವಿನಿಂದ ಎರಡೂ ಕಡೆ 4 ಇಂಚು ಬಿಚ್ಚಿ ಪ್ಯಾಂಟಿನಿಂದ ಬೇರೆ ಮಾಡಿ. ಸೀಟಿನ ಜೋಡಿ ಹೊಲಿಗೆಯನ್ನು 6–7 ಇಂಚು ಕೆಳಗಿನವರೆಗೆ ಬಿಚ್ಚಿ, ಮಡಿಕೆ ಇಸ್ತ್ರಿ ಹಾಕಿ ಚಪ್ಪಟೆ ಮಾಡಿ, ಮೇಲೆ ಹೇಳಿದ ಹಾಗೆ ಇಳಿಜಾರು ಗೆರೆಯಲ್ಲಿ ಹೊಲಿಯಿರಿ. ಜೇಬುಗಳ ಮೇಲೆ ಅಡ್ಡಲಾಗಿ ಬರುವ ತುಂಡಿನ ಹೊಲಿಗೆ ಎಡಬಲ ಸರಿಯಾಗಿ ಎದುರುಬದುರಾಗಬೇಕು. ಎರಡು ನೂಲು ತಪ್ಪಿದರೂ ಹಿಂದಿನಿಂದ ಎದ್ದು ಕಾಣುತ್ತದೆ. ಆಮೇಲೆ ಮಾರ್ಜಿನ್ನನ್ನು ಒಂದು ಕಡೆಗೆ ಮಡಚಿ, ಹೊರಗಿನಿಂದ ದಪ್ಪ ಕಂದು ಹಳದಿ ದಾರದಲ್ಲಿ ಎರಡು ಸಾಲು ಓಡಿಸಿ.

ಪಟ್ಟಿ ಕತ್ತರಿಸುವಾಗ ಎಚ್ಚರ. ಒಟ್ಟು ಒಂದೂವರೆ ಇಂಚು ಕಡಿಮೆ ಮಾಡಬೇಕು ಎಂದುಕೊಳ್ಳಿ. ಒಂದೂವರೆ ಇಂಚು ಕತ್ತರಿಸಿ ಬಿಸಾಡಿದರೆ, ಜೋಡಿಸಲು ಎರಡೂ ಕಡೆ ಅರ್ಧರ್ಧ ಇಂಚು ಮತ್ತೆ ಹೋಗಿ, ಪಟ್ಟಿ ಎರಡೂವರೆ ಇಂಚು ಗಿಡ್ಡವಾಗುತ್ತದೆ. ಆದ್ದರಿಂದ ಕಡಿಮೆ ಮಾಡಬೇಕಾದ ಅಳತೆಯಲ್ಲಿ 1 ಇಂಚು ಕಳೆದು ಉಳಿದಷ್ಟೇ ಕತ್ತರಿಸಿ. ಒಂದೂವರೆಗೆ ಅರ್ಧ ಇಂಚಿನ ತುಂಡು, ಎರಡಕ್ಕೆ ಒಂದು ಇಂಚಿನ ತುಂಡು. ಒಂದೇ ಇಂಚು ಕಡಿಮೆ ಮಾಡುವುದಾದರೆ ಏನೂ ತೆಗೆಯದೆ ನಡುವೆ ಕತ್ತರಿಸಿ ಅರ್ಧರ್ಧ ಇಂಚು ಹಿಡಿದು ಹೊಲಿದರೆ ಮುಗಿಯಿತು. ಸೀಟನ್ನು ಮೊದಲು ಹೊಲಿದು, ಅದರ ಮೇಲಂಚಿಗೆ ಪಟ್ಟಿಯನ್ನು ಹಿಡಿದು ನೋಡಿದ ನಂತರವೇ ಕತ್ತರಿ ಎತ್ತಿ.

ಮಷಿನ್ ತೊಂದರೆ ಕೊಡುವುದು ಎಂಟು ಪದರ ಕೂಡುವ ಕಡೆ. ಆ ಗಂಟನ್ನು ಅಡುಗೆಮನೆಯ ಕುಟ್ಟಾಣಿಯಲ್ಲಿ ಹತ್ತಾರು ಸಲ ಕುಟ್ಟಿ ಮೆತ್ತಗೆ ಮಾಡಿ. ಪಾದದ ಹಿಂದುಗಡೆ ಮಡಚಿದ ರಟ್ಟಿನ ತುಂಡೊಂದನ್ನು ಕೊಟ್ಟು ಮುಂದೆ ಹಿಂದೆ ಒಂದೇ ಎತ್ತರ ಮಾಡಿ, ಕಾಲಲ್ಲಿ ಅಥವಾ ಮೋಟಾರಿನಲ್ಲಿ ತುಳಿಯದೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ಪಾದ ಒಂದು ಕಡೆ ಏರಿ ಓರೆಯಾಗಿ ನಿಂತದ್ದೇ ಸೂಜಿ ಮುರಿಯಲು ಕಾರಣ. ಹಳೆಯ ಕಪ್ಪು ಕಾಲುಮಷಿನ್ನುಗಳು ಈ ಕೆಲಸಕ್ಕೆ ಎಷ್ಟೋ ಹೊಸ ಹಗುರ ಮಷಿನ್ನುಗಳಿಗಿಂತ ಗಟ್ಟಿ.

ಎಲಾಸ್ಟಿಕ್

ತೂಕ ಇನ್ನೂ ಇಳಿಯುತ್ತಿದೆ, ಇಲ್ಲವೇ ಬೆಳೆಯುವ ಮಗುವಿನ ಪ್ಯಾಂಟು, ಅಂಥ ಕಡೆ ಬಿಚ್ಚಿ ಹೊಲಿಯುವುದು ವ್ಯರ್ಥ. ಪಟ್ಟಿಯ ಒಳಮೈಯಲ್ಲಿ ಎರಡೂ ಪಕ್ಕದ ಹೊಲಿಗೆಯ ಹತ್ತಿರ 1 ಇಂಚಿನ ಸೀಳು ಮಾಡಿ. ಹಿಂದಿನ ಪಟ್ಟಿ ಪಕ್ಕದಿಂದ ಪಕ್ಕಕ್ಕೆ 17 ಇಂಚಿದ್ದು 2 ಇಂಚು ಸಡಿಲ ಹೋಗಬೇಕಾದರೆ, ಎಳೆಯದ ಎಲಾಸ್ಟಿಕ್ 15 ಇಂಚಲ್ಲ, 14 ಇಂಚು ಸಾಕು. ಮೈಮೇಲೆ ಅದು ಸ್ವಲ್ಪ ಹಿಗ್ಗಿಯೇ ಕೂರುತ್ತದೆ. ತುದಿ ಹೊಲಿಯಲು ಎರಡೂ ಕಡೆ ಅರ್ಧರ್ಧ ಇಂಚು ಸೇರಿಸಿ 15 ಇಂಚು ಕತ್ತರಿಸಿ. ಸೇಫ್ಟಿ ಪಿನ್ ಸಿಕ್ಕಿಸಿ ಒಂದು ಸೀಳಿನಿಂದ ಇನ್ನೊಂದಕ್ಕೆ ತೂರಿಸಿ, ಹಿಂತುದಿ ಒಳಗೆ ಜಾರದಂತೆ ಅದಕ್ಕೂ ಒಂದು ಪಿನ್ ಹಾಕಿಡಿ. ತುದಿಗಳನ್ನು ಪಟ್ಟಿಯ ಅಡ್ಡಕ್ಕೆ ಮೂರು ಸಾಲು ಹೊಲಿದು ಬಿಗಿ ಮಾಡಿ. ಎಳೆದಾಗ ಅಗಲ ಕಡಿಮೆಯಾಗದ, ನೇಯ್ದ ಎಲಾಸ್ಟಿಕ್ಕನ್ನೇ ಕೇಳಿ ತನ್ನಿ. ಜಡೆಯಂತೆ ಹೆಣೆದದ್ದು ಎಳೆದಾಗ ಕಿರಿದಾಗಿ ಪಟ್ಟಿಯೊಳಗೆ ತಿರುಚಿಕೊಳ್ಳುತ್ತದೆ.

ಕುರ್ತಾ, ಚೂಡಿದಾರ್ ಟಾಪು

ಟಾಪು ಹಾಕಿಕೊಂಡು ಸೊಂಟಕ್ಕೆ ಒಂದು ಲಾಡಿ ಕಟ್ಟಿ. ಸ್ವಲ್ಪ ಅಲುಗಾಡಿದರೆ ಅದು ತಾನೇ ಸೊಂಟದ ಕಿರಿದಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಚಾಕ್ ಗುರುತು. ಎಷ್ಟೋ ಟಾಪುಗಳಲ್ಲಿ ಹೊಲಿಗೆಯ ಸೊಂಟ ಒಂದು ಕಡೆ, ಮೈಯ ಸೊಂಟ ಇನ್ನೊಂದು ಕಡೆ ಇರುತ್ತದೆ. ಕಂಕುಳಿಗಿಂತ 2 ಇಂಚು ಕೆಳಗೆ ಹಳೆಯ ಹೊಲಿಗೆಯಿಂದ ಹೊರಟು, ಗುರುತಿನ ಕಡೆ ಅರ್ಧ ಇಂಚು ಒಳಗೆ ಬಂದು, ಸ್ಲಿಟ್ ಶುರುವಾಗುವುದಕ್ಕಿಂತ 1 ಇಂಚು ಮೇಲೆ ಮತ್ತೆ ಹಳೆಯ ಹೊಲಿಗೆಗೆ ಸೇರುವ ಬಾಗಿದ ಗೆರೆ ಎಳೆಯಿರಿ. ಸ್ಲಿಟ್ಟಿನ ತುದಿಯವರೆಗೂ ಅರ್ಧ ಇಂಚು ಹಿಡಿದುಕೊಂಡೇ ಹೋದರೆ ಹಿಂದೆ ಟಾಪು ಮೇಲಕ್ಕೇರಿ ಸೊಂಟದ ಮೇಲೆ ಮಡಿಕೆ ಕೂರುತ್ತದೆ. ಹೊಲಿದ ಮೇಲೆ ಸೊಂಟದ ಹತ್ತಿರ ಬಟ್ಟೆ ಎಳೆದಂತೆ ಕಂಡರೆ ಮಾರ್ಜಿನ್ನಿನ ಅರ್ಧದವರೆಗೆ ಎರಡು ಮೂರು ಕಚ್ಚು ಕೊಡಿ, ಸಡಿಲವಾಗುತ್ತದೆ.

ಪಕ್ಕದಲ್ಲಿ ಕಸೂತಿ, ಜೇಬು ಇದ್ದು ಮುಟ್ಟುವಂತಿಲ್ಲ ಎಂದಾದರೆ ಬೆನ್ನಿಗೆ ಎರಡು ಟಕ್ಸ್ (ಬಟ್ಟೆಯನ್ನು ಒಳಗೆ ಮಡಚಿ ಹಿಡಿದು ಹೊಲಿಯುವ ಮಡಿಕೆ) ಹಾಕಿ. ನಡುವಿನಿಂದ ಎಡಕ್ಕೆ ಮೂರೂವರೆ ಇಂಚು, ಬಲಕ್ಕೆ ಮೂರೂವರೆ ಇಂಚು ಬಿಟ್ಟು, ಸೊಂಟದ ಗುರುತಿನಿಂದ ಮೇಲೆ 6, ಕೆಳಗೆ 4 ಇಂಚು ಉದ್ದ, ಮೀನಿನ ಆಕಾರದಲ್ಲಿ ಎರಡು ತುದಿಯೂ ಚೂಪಾಗಿರಲಿ. ಮಡಚಿದ ಬಟ್ಟೆಯಲ್ಲಿ ಸೊಂಟದ ಹತ್ತಿರ ಕಾಲು ಇಂಚು ಹಿಡಿದರೆ ಒಂದು ಟಕ್ಸಿಗೆ ಅರ್ಧ ಇಂಚು, ಎರಡಕ್ಕೆ ಒಟ್ಟು 1 ಇಂಚು ಕಡಿಮೆ. ಚೂಪು ತುದಿಯಲ್ಲಿ ಮಷಿನ್ ಹಿಂದೆಮುಂದೆ ಓಡಿಸಬೇಡಿ, ಗುಳ್ಳೆ ಏಳುತ್ತದೆ. ದಾರ 3 ಇಂಚು ಬಿಟ್ಟು ಕತ್ತರಿಸಿ ಕೈಯಲ್ಲಿ ಗಂಟು ಹಾಕಿ.

ಬ್ಲೌಸು

ಸೀರೆ ಬ್ಲೌಸು ಬಿಡಿಸುವುದಕ್ಕೂ ಹಿಡಿಯುವುದಕ್ಕೂ ಅನುಕೂಲವಾಗುವಂತೆಯೇ ಹೊಲಿಸಿಕೊಳ್ಳುವ ಉಡುಪು. ಒಳಗೆ ಮಾರ್ಜಿನ್ನಿನಲ್ಲಿ ಎರಡು ಮೂರು ಸಾಲು ಹೊಲಿಗೆ ಇರುತ್ತದೆ, ಕೆಳಗಿನ ಮಡಿಕೆ ಮುಗಿಸಿ ಪಕ್ಕದ ಹೊಲಿಗೆಯನ್ನು ಕೊನೆಗೆ ಹಾಕಿರುತ್ತಾರೆ. ಹಾಗಾಗಿ ಏನೂ ಬಿಚ್ಚದೆ ಒಳಗೊಂದು ಹೊಸ ಸಾಲು ಹಾಕಿದರೆ ಆಯಿತು. ಎದೆ ಸರಿಯಿದ್ದು ಸೊಂಟ ಮಾತ್ರ ಸಡಿಲವಿದ್ದರೆ ಕಂಕುಳಿಗಿಂತ ಒಂದೂವರೆ ಇಂಚು ಕೆಳಗಿನಿಂದ ಶುರು ಮಾಡಿ, ಕೆಳಗಿನ ಅಂಚಿನಲ್ಲಿ ಒಂದೊಂದು ಪಕ್ಕ ಕಾಲು ಇಂಚು ಹಿಡಿಯಿರಿ. ಒಟ್ಟು 1 ಇಂಚು ಕಡಿಮೆಯಾಗುತ್ತದೆ. ಮುಂದಿನ ಹುಕ್ಕುಗಳನ್ನು ಒಳಗೆ ಸರಿಸಿ ಬಿಗಿ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಹುಕ್ಕಿನ ಪಟ್ಟಿ ಎದೆಯ ನಡುವಿನಿಂದ ಸರಿಯುತ್ತದೆ, ಕುತ್ತಿಗೆ ಸೊಟ್ಟಗಾಗುತ್ತದೆ.

ಮೈಸೂರು ಸಿಲ್ಕಿನ ಬ್ಲೌಸಿಗೂ ಗುಳೇದಗುಡ್ಡದ ಖಣಕ್ಕೂ ಹೊಸ 11 ನಂಬರ್ ಸೂಜಿಯನ್ನೇ ಹಾಕಿ. ರೇಷ್ಮೆಯಲ್ಲಿ ಸೂಜಿ ಬಿದ್ದ ತೂತು ಮುಚ್ಚುವುದಿಲ್ಲ. ಹಿಡಿದು ಹೊಲಿದರೆ ಹಳೆಯ ತೂತುಗಳು ಮಾರ್ಜಿನ್ನಿನೊಳಗೆ ಮರೆಯಾಗುತ್ತವೆ, ಆದರೆ ಬಿಗಿಯಾಯಿತೆಂದು ಮತ್ತೆ ಬಿಡಿಸಿದರೆ ಆ ಸಾಲು ಹೊರಗೆ ಕಾಣುತ್ತದೆ. ಅದಕ್ಕೇ ಕಚ್ಚಾ ಹೊಲಿಗೆಯನ್ನೂ ಗುಂಡುಪಿನ್ನನ್ನೂ ಗೆರೆಯ ಮೇಲೆ ಹಾಕದೆ ಒಂದು ನೂಲು ಮಾರ್ಜಿನ್ ಕಡೆಗೆ ಹಾಕಿ, ಕೈ ಎತ್ತಿ ನೋಡಿ, ಆಮೇಲೆ ಮಷಿನ್ನಿಗೆ ಕೊಡಿ.

ಲಂಗ

ಲಾಡಿ ಇರುವುದರಿಂದ ಲಂಗಕ್ಕೆ ಆಲ್ಟರ್ ಬೇಡ ಎನಿಸುತ್ತದೆ. ಆದರೆ ಲಾಡಿ ಎಳೆದಷ್ಟೂ ನೆರಿಗೆ ಒತ್ತಾಗಿ, ಸೀರೆ ಉಟ್ಟ ಮೇಲೆ ಸೊಂಟ ದಪ್ಪ ಕಾಣುತ್ತದೆ. ಆರು ತುಂಡಿನ ಲಂಗವಾದರೆ ಆರೂ ಜೋಡಣೆಯಲ್ಲಿ ಮೇಲ್ತುದಿಗೆ ಕಾಲು ಇಂಚು ಹಿಡಿದು 8 ಇಂಚು ಕೆಳಗೆ ಸೊನ್ನೆಗೆ ಇಳಿಸಿ. ಒಟ್ಟು 3 ಇಂಚು ಹೋಗುತ್ತದೆ, ಎಲ್ಲೂ ಎಳೆತ ಕಾಣುವುದಿಲ್ಲ. ಮೇಲಿನ ಪಟ್ಟಿಯನ್ನು ಮೊದಲೇ ಬಿಚ್ಚಿಟ್ಟು, ಉದ್ದದಲ್ಲಿ ಅಷ್ಟೇ ಕಡಿಮೆ ಮಾಡಿ ಮತ್ತೆ ಹೊಲಿಯಿರಿ. ಲಾಡಿ ತೂರಿಸಿದ ಮೇಲೆ ಪಟ್ಟಿಯ ಹಿಂದೆ ನಡುವೆ, ಲಾಡಿಯೂ ಸೇರುವ ಹಾಗೆ ಒಂದು ಇಂಚು ಅಡ್ಡ ಹೊಲಿಗೆ ಹಾಕಿ. ಒಗೆಯುವಾಗ ಲಾಡಿ ಹೊರಗೆ ಕಿತ್ತು ಬರುವುದಿಲ್ಲ.